ಮಾವನ ಪಂಚೆಯೂ ಟ್ರೇಡ್‌ಮಾರ್ಕೂ

ಹೋದ ತಿಂಗಳು ನನ್ನ ಸೋದರತ್ತೆಗೆ ಫೋನ್ ಮಾಡಿ ಒಂದೇ ಒಂದು ಮಾತು ಹೇಳಿದೆ. "ಅತ್ತೆ, ಈ ಸಲದ ಎಣ್ಣೆ ಯಾಕೋ ಕಮಟು ವಾಸನೆ ಹೊಡೀತೈತೆ."

ಆ ಕಡೆ ಫೋನ್ ಕಟ್ಟಾಯಿತು. ಮಾರನೆಯ ದಿನ ದಂಡಿನಶಿವರದಿಂದ ಮೊದಲ ಬಸ್ಸಿಗೆ ಅತ್ತೆಯೇ ತಿಪಟೂರಿಗೆ ಬಂದಿಳಿದರು. ಹಿಂದೆ ಮಾವ. ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳಿದರು: "ಎಲ್ಲೈತ್ಲಾ ಬಾಟ್ಲಿ?"

(ಕಾಫಿ ಬೇಡ ಎಂದರು. ನಮ್ಮ ವಂಶದಲ್ಲಿ ಇದು ಯುದ್ಧ ಘೋಷಣೆಗೆ ಸಮ.)

ಗಂಗತ್ತೆಯ ಕೊಬ್ಬರಿ ಎಣ್ಣೆಯ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಒಡೆಯುವಾಗ ಉಂಡೆಯಾಗಿ ಬಂದ ಕೊಬ್ಬರಿ ಮಾರ್ಕೆಟ್ಟಿಗೆ ಹೋಗುತ್ತದೆ, ಚೂರಾಗಿದ್ದು ಗಾಣಕ್ಕೆ. ಎಣ್ಣೆ ಬೇಕಾದವರು ಬಾಟಲಿ ತಾವೇ ತರಬೇಕು. ಸಾಸಿನ ಬಾಟಲಿ, ಅರಿಷ್ಟದ ಬಾಟಲಿ, ಮತ್ತೆ ಮನೆಯ ಯಜಮಾನರು ಬೇರೆ ಉದ್ದೇಶಕ್ಕೆ ತಂದು ಖಾಲಿ ಮಾಡಿದ ಬಾಟಲಿ. ಅತ್ತೆ ಎಲ್ಲವನ್ನೂ ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ತುಂಬಿ, ಕೊರಳಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಬಿಳಿ ಪಟ್ಟಿ, ಒಂದು ಕಡೆ ಹಸಿರು ಅಂಚು. ಅದು ಮಾವನ ಹಳೇ ಪಂಚೆ.

ಆ ಪಟ್ಟಿಯನ್ನು ಯಾವ ಮನೆಯಲ್ಲೂ ಎಸೆಯುವುದಿಲ್ಲ. ಒಗೆದು ಒಗೆದು ಮೆತ್ತಗಾದ ನೂಲು ಬಟ್ಟೆ, ಅದರ ಮೇಲೆ ಎಣ್ಣೆ ಹೀರಿರುತ್ತದೆ. ಹೊಸೆದು ಬತ್ತಿ ಮಾಡಿ ಸಂಜೆ ದೀಪಕ್ಕೆ ಹಾಕುತ್ತಾರೆ. ನಮ್ಮ ಮನೆಯಲ್ಲೂ ಅಷ್ಟೇ.

ನಾನು ಮಾಡಿದ ತಪ್ಪು ಇಷ್ಟು. ಅತ್ತೆ ಕೊಟ್ಟ ಎಣ್ಣೆ ಮುಗಿದಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಕೊರಳಿಗೆ ಹಸಿರಂಚಿನ ಪಟ್ಟಿ ಕಟ್ಟಿದ ಬಾಟಲಿಗಳು ಸಾಲಾಗಿ ನಿಂತಿದ್ದವು. ಪರವಾಗಿಲ್ಲವೇ, ಅತ್ತೆ ಅಂಗಡಿಗೂ ಸಪ್ಲೈ ಶುರು ಮಾಡಿದರು ಎಂದು ಹೆಮ್ಮೆಪಟ್ಟು ಎರಡು ತಂದೆ.

ಅತ್ತೆ ಬಾಟಲಿಯನ್ನು ಮೂಸಿ ಕೂಡ ನೋಡಲಿಲ್ಲ. ಪಟ್ಟಿಯನ್ನು ಎರಡು ಬೆರಳಲ್ಲಿ ಉಜ್ಜಿದರು.

"ಇದು ನಿಮ್ಮಾವನ ಪಂಚೆ ಅಲ್ಲ ಕಣ್ಲಾ."

ಮಾವ ಕನ್ನಡಕ ಏರಿಸಿ ನೋಡಿ, "ನಂದಲ್ಲ ಬುಡು" ಎಂದು ದೃಢಪಡಿಸಿದರು.

ಒಳಗಿನಿಂದ ನನ್ನ ಹೆಂಡತಿ ಸುಮಾ, "ಅದಕ್ಕೇ ಅನ್ಸುತ್ತೆ ಅತ್ತೆ, ಆ ಬತ್ತಿ ಉರೀಲೇ ಇಲ್ಲ, ಕರಗ್ಹೋಯ್ತು" ಎಂದಳು. ಉಳಿದ ಪಟ್ಟಿಯನ್ನು ಅತ್ತೆ ಅಲ್ಲೇ ಹೊಸೆದು ದೀಪಕ್ಕೆ ಹಿಡಿದರು. ಅದು ಮುದುಡಿಕೊಂಡು ಕಪ್ಪು ಮಣಿಯಾಗಿ, ಪ್ಲಾಸ್ಟಿಕ್ ಪೆನ್ನು ಸುಟ್ಟ ವಾಸನೆ ಬಿಟ್ಟಿತು. ಪಾಲಿಸ್ಟರ್.

ಅತ್ತೆಗೆ ಆಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. "ಅಮ್ಮಸಂದ್ರದೋರೂ ಹಿಂಗೇ ಅಂದ್ರು. ಸಂಪಿಗೆ ಕಡೆಯೋರು ಬಾಟ್ಲಿ ತರೋದೇ ಬುಟ್ರು. ಯಾಕೆ ಅಂತ ಈಗ ಗೊತ್ತಾಯ್ತು. ಗಂಗಮ್ಮ ಕೆಟ್ಟ ಕೊಬ್ರಿ ಆಡಿಸ್ತಾಳೆ ಅಂತ ಊರೆಲ್ಲ ಹೇಳ್ತಾವ್ರೆ. ಹೋಗ್ಲಿ, ನೀನೂ ಅಂದ್ಯಲ್ಲಾ!" ಎಂದರು. ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ನಾಚಿಕೆಯಾದಾಗ ನನ್ನಂಥ ಬರಹಗಾರರು ಏನು ಮಾಡುತ್ತಾರೆ? ಗೂಗಲ್ ಮಾಡುತ್ತಾರೆ. "ಟ್ರೇಡ್‌ಮಾರ್ಕ್ ಮಾಡಿಸೋಣ ಅತ್ತೆ" ಎಂದೆ.

ಒಂದು ವಾರ ಅದನ್ನೇ ಓದಿದೆ. ಗುರುತು ಹಾಕುವ ಚಾಳಿ ಬಹಳ ಹಳೆಯದು. ಕುಂಬಾರ ಮಡಕೆಯ ತಳಕ್ಕೆ ಒತ್ತುತ್ತಿದ್ದ, ದನ ಸಾಕುವವನು ದನಕ್ಕೆ ಬರೆ ಹಾಕುತ್ತಿದ್ದ. ಬ್ರಾಂಡ್ ಎಂಬ ಮಾತು ಹುಟ್ಟಿದ್ದೇ ಆ ಬರೆಯಿಂದಂತೆ. ಬ್ರಿಟನ್ನಿನಲ್ಲಿ ಕಾನೂನು ಬಂದಾಗ ಮೊಟ್ಟಮೊದಲು ನೋಂದಣಿಯಾದದ್ದು ಒಂದು ಕೆಂಪು ತ್ರಿಕೋನ. ಬಿಯರಿನದು. (ಮಾವ ಇಡೀ ಇತಿಹಾಸದಲ್ಲಿ ಆಸಕ್ತಿ ತೋರಿಸಿದ್ದು ಇದೊಂದರಲ್ಲೇ.)

ಬರೀ ಹೆಸರಿಗೆ ಒಂದು ಮಾರ್ಕು, ಚಿತ್ರಕ್ಕೆ ಇನ್ನೊಂದು. ಬಾಟಲಿಯ ಆಕಾರಕ್ಕೂ ಸಿಗುತ್ತದೆ, ಬಣ್ಣಗಳ ಜೋಡಿಗೂ ಸಿಗುತ್ತದೆ, ಟೀವಿಯಲ್ಲಿ ಬರುವ ನಾಲ್ಕು ಸ್ವರದ ಟಿಂಗ್‌ಟಿಂಗ್‌ಗೂ ಸಿಗುತ್ತದೆ. ಅನುಮಾನವೇ? ನೀಲಿ ಬಾಟಲಿಯ ಕೊಬ್ಬರಿ ಎಣ್ಣೆ ಎನ್ನುತ್ತೇನೆ. ಚುಕ್ಕಿ ಫ್ರಾಕಿನ ಹುಡುಗಿಯ ಬೆಣ್ಣೆ ಎನ್ನುತ್ತೇನೆ. ನಾನು ಹೆಸರು ಹೇಳಲಿಲ್ಲ. ನೀವು ಹೇಳಿಕೊಂಡಿರಿ, ತಾನೇ? ಅದೇ ಟ್ರೇಡ್‌ಮಾರ್ಕ್.

ಇಷ್ಟು ಜ್ಞಾನದೊಂದಿಗೆ ಮೂವರೂ ತುಮಕೂರಿನ ವಕೀಲೆಯೊಬ್ಬರ ಆಫೀಸಿಗೆ ಹೋದೆವು.

ಅವರು ಮೊದಲು ಕೇಳಿದ್ದು ಹೆಸರು. ನಾನು ದಾರಿಯಲ್ಲೇ ಯೋಚಿಸಿದ್ದೆ. "ತಿಪಟೂರು ಕೊಬ್ಬರಿ ಎಣ್ಣೆ, ಪಕ್ಕದಲ್ಲಿ ಒಂದು ತೆಂಗಿನ ಮರ."

"ಸರ್, ತಿಪಟೂರು ಎಲ್ಲರದು. ತೆಂಗಿನ ಮರವೂ ಎಲ್ಲರದು. ಅದನ್ನ ನಿಮಗೊಬ್ಬರಿಗೇ ಕೊಡಲ್ಲ" ಎಂದರು.

ಆಮೇಲೆ ವರ್ಗ. ತಲೆಗೆ ಹಚ್ಚುವ ಎಣ್ಣೆ ಒಂದು ವರ್ಗ, ತಿನ್ನುವ ಎಣ್ಣೆ ಇನ್ನೊಂದು ವರ್ಗ. ನಿಮ್ಮದು ಯಾವುದಮ್ಮ?

"ಎಲ್ಡೂ ಒಂದೇ ಬಾಟ್ಲಿ ಕಣವ್ವ. ಮಗೀಗೆ ಹಚ್ಚಿ ನೀರು ಹಾಕಕ್ಕೂ ಅದೇ, ರೊಟ್ಟಿ ಹಂಚಿಗೂ ಅದೇ" ಎಂದರು ಅತ್ತೆ. ವಕೀಲೆ ಎರಡು ವರ್ಗ ಎಂದು ಬರೆದುಕೊಂಡರು.

ಪಟ್ಟಿಯ ವಿಷಯ ಬಂದಾಗ ಮಾತ್ರ ಅವರು ಪೆನ್ನು ಕೆಳಗಿಟ್ಟು ಕೂತರು. ಬಿಳಿ ಪಟ್ಟಿ, ಹಸಿರು ಅಂಚು, ಕೊರಳಲ್ಲಿ ಗಂಟು: ಇದಕ್ಕೆ ಕೇಳಬಹುದು. ಆದರೆ ಅಂಗಡಿಯವರಿಗಿಂತ ಮುಂಚಿನಿಂದ ನೀವೇ ಕಟ್ಟುತ್ತಿದ್ದೀರಿ ಎಂದು ತೋರಿಸಬೇಕು. ಹಳೇ ಪಟ್ಟಿ, ಹಳೇ ಫೋಟೊ, ಏನಾದರೂ ತನ್ನಿ.

ಬಾಟಲಿಯ ಫೋಟೊ ಯಾರು ತೆಗೆಯುತ್ತಾರೆ? ಅತ್ತೆ ನಿಧಾನವಾಗಿ ಮಾವನ ಕಡೆ ತಿರುಗಿದರು. ಮಾವ ಉಟ್ಟ ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡರು.

ಮುಂದಿನ ನಾಲ್ಕು ದಿನ ನಾನೂ ಅತ್ತೆಯೂ ತುರುವೇಕೆರೆ ಸುತ್ತಮುತ್ತಲಿನ ಹಳೇ ಗಿರಾಕಿಗಳ ಮನೆ ಮನೆ ತಿರುಗಿದೆವು. ಎಲ್ಲ ಕಡೆ ಒಂದೇ ಉತ್ತರ. "ಅಯ್ಯೋ ಗಂಗಕ್ಕ, ದೀಪಕ್ಕೆ ಹಾಕ್ಬುಟ್ವಲ್ಲ!" ಇಷ್ಟು ವರ್ಷದ ಪಟ್ಟಿಗಳಲ್ಲಿ ಒಂದೂ ಉಳಿದಿರಲಿಲ್ಲ. ಆದರೆ ಅಂಗಡಿಯ ಪಟ್ಟಿಗಳು? ಮೂಲೆಯಲ್ಲಿ, ಗೂಡಿನಲ್ಲಿ, ಅರ್ಧ ಕರಗಿ, ಎಲ್ಲ ಕಡೆ ಇದ್ದವು. ಅಸಲಿಗೆ ಸಾಕ್ಷಿ ಇಲ್ಲ, ನಕಲಿಗೆ ಮನೆ ತುಂಬ ಸಾಕ್ಷಿ.

ಒಂದು ಲಾಭವಾಯಿತು. ಪ್ರತಿ ಮನೆಯಲ್ಲೂ ಅತ್ತೆ ಮಾವನ ಪಂಚೆಯಿಂದ ಹೊಸದಾಗಿ ಹರಿದ ಪಟ್ಟಿ, ಅಂಗಡಿಯ ಪಟ್ಟಿ ಎರಡನ್ನೂ ಹಚ್ಚಿ ತೋರಿಸಿದರು. ಒಂದು ಉರಿಯಿತು, ಒಂದು ಕರಗಿತು. ಸಂಪಿಗೆಯ ಅಜ್ಜಿಯೊಬ್ಬರು ಒಳಗೆ ಹೋಗಿ ಖಾಲಿ ಬಾಟಲಿ ತಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಆ ದಿನ ಮೊದಲ ಸಲ ಕಾಫಿ ಕುಡಿದರು.

ಮತ್ತೆ ತುಮಕೂರು. ಎಲ್ಲವೂ ಸುಟ್ಟುಹೋಗಿದೆ ಎಂದು ವಕೀಲೆಗೆ ಹೇಳಿದೆವು. ಅವರು ಕೇಳಿದರು: "ಹಾಗಾದ್ರೆ ಗಿರಾಕಿಗಳ ಪ್ರಮಾಣಪತ್ರ ಹಾಕೋಣ. ಅಂಗಡಿಯದನ್ನ ಇವರದೇ ಅಂದ್ಕೊಂಡು ಮೋಸ ಹೋದೋರು ಯಾರಾದ್ರೂ ಸಿಗ್ತಾರಾ? ಇವರ ಎಣ್ಣೆ ಚೆನ್ನಾಗಿ ಗೊತ್ತಿರೋರೇ ಆಗಿದ್ರೆ ಇನ್ನೂ ಒಳ್ಳೇದು."

ಅತ್ತೆ ನನ್ನ ಕಡೆ ಕೈ ತೋರಿಸಿದರು. "ನಮ್ಮಣ್ಣನ ಮಗ. ಹುಟ್ಟಿದಾಗಿಂದ ಇದೇ ಎಣ್ಣೆ ಹಚ್ಚಿ ನೀರು ಹಾಕಿರೋದು."

"ಅದ್ಭುತ ಸರ್" ಎಂದರು ವಕೀಲೆ. ನನ್ನ ಬರವಣಿಗೆಗೆ ಇದುವರೆಗೆ ಯಾರೂ ಹಾಗೆ ಅಂದಿಲ್ಲ.

ಹಾಗಾಗಿ ಛಾಪಾ ಕಾಗದದ ಮೇಲೆ, ನೋಟರಿಯ ಮುಂದೆ, ಸ್ವಸ್ಥ ಬುದ್ಧಿಯಿಂದ ಸಹಿ ಹಾಕಿದ್ದೇನೆ. ಹುಟ್ಟಿನಿಂದ ಬಳಸಿದ ಎಣ್ಣೆಯನ್ನು ನಾನು ಗುರುತಿಸಲಾಗದೆ ಹೋದೆ, ಬರೀ ಪಟ್ಟಿ ನೋಡಿ ನಂಬಿದೆ ಎಂದು. ಅರ್ಜಿ ಹೋಗಿದೆ. ಕಾಯುತ್ತಿದ್ದೇವೆ.

ಮೊನ್ನೆ ದಂಡಿನಶಿವರಕ್ಕೆ ಬಾಟಲಿ ತೆಗೆದುಕೊಂಡು ಹೋಗಿದ್ದೆ. ಅತ್ತೆ ತೊಳೆದು, ತುಂಬಿ, ಮುಚ್ಚಳ ಬಿಗಿದು ಕೈಗೆ ಕೊಟ್ಟರು. ಕೊರಳು ಬೋಳಾಗಿತ್ತು. "ಪಟ್ಟಿ, ಅತ್ತೆ?" ಎಂದೆ.

"ಬೇರೆಯೋರಿಗಾದ್ರೆ ಕಟ್ಟಬೇಕು. ಮನೆಯೋನಿಗೂ ಗುರುತು ಬೇಕೇನ್ಲಾ?"