ಒಂದೇ ಗೋಡೆಗುಂಟ ಎರಡು ಕೇಬಲ್ಲು

ಹನುಮಸಾಗರದ ಗಂಗಾ ವಿಶಾಖಪಟ್ಟಣದಲ್ಲಿ ಯುದ್ಧನೌಕೆಗಳ ನಕ್ಷೆ ತಯಾರಿಸುತ್ತಾಳೆ. ಕ್ಷಿಪಣಿ ಬಡಿದರೂ ಹಡಗು ಮುಳುಗದಂತೆ, ಬೆಂಕಿ ಹಬ್ಬದಂತೆ ಯೋಚಿಸುವುದೇ ಅವಳ ಕೆಲಸ.

ರಜೆಗೆ ಬಂದವಳು ಹೊಲಕ್ಕೆ ಹೋದರೆ, ಟ್ರ್ಯಾಕ್ಟರ್ ಗುದ್ದಿ ಕರೆಂಟಿನ ಕಂಬ ಉರುಳಿತ್ತು. ಎರಡೂ ಬೋರಿನ ಮೋಟರು ನಿಂತಿದ್ದವು.

"ಒಂದ ಕಂಬಕ್ಕ ಎರಡೂ ಸ್ಟಾರ್ಟರ್ ಹಾಕಂತ ನೀನ ಹೇಳಿದ್ದಿ, ರಿಪೇರಿಗೆ ಸಲೀಸು ಅಂತ. ಇಂಜಿನಿಯರ್ ಮಗಳು ಹೇಳಿದ ಮ್ಯಾಲ ನಂದೇನ ನಡೀತೈತಿ?" ಎಂದು ಅಪ್ಪ ಗೋಣೆಪ್ಪ ನಕ್ಕ.

ಗಂಗಾಳಿಗೆ ನಗು ಬರಲಿಲ್ಲ. ಈಗ ಕಟ್ಟುತ್ತಿದ್ದ ಹೊಸ ಹಡಗಿನಲ್ಲೂ ಬೆಂಕಿ ಆರಿಸುವ ಎರಡು ಪಂಪುಗಳ ಕೇಬಲ್ಲುಗಳನ್ನು ಅವಳು ಒಂದೇ ಗೋಡೆಗುಂಟ ಎಳೆಸಿದ್ದಳು, ಅದೂ ರಿಪೇರಿಗೆ ಸಲೀಸೆಂದೇ. ಅಲ್ಲಿಗೇ ಒಂದು ಏಟು ಬಿದ್ದರೆ ನಾವಿಕರಿಗೆ ಹನಿ ನೀರೂ ಸಿಗದು. ಆ ಗೋಡೆಗೆ ಇವತ್ತೇ ತಗಡು ಮುಚ್ಚಿ ಬೆಸುಗೆ ಹಾಕುವವರಿದ್ದರು.

ಮೇಲಧಿಕಾರಿಗೆ ಫೋನ್ ಹಚ್ಚಿ, ತಪ್ಪು ತನ್ನದೇ ಎಂದಳು. ಒಂದು ಕೇಬಲ್ಲನ್ನು ಹಡಗಿನ ಇನ್ನೊಂದು ಮಗ್ಗುಲಿಗೆ ಒಯ್ಯಬೇಕೆಂದಳು. ಅವರು ಕೆಲಸ ನಿಲ್ಲಿಸಲು ಒಪ್ಪಿದರು.

"ಬಚಾವಾದಿ ಅನ್ನು," ಎಂದ, ಫೋನಿನ ಮಾತು ಕೇಳಿಸಿಕೊಂಡಿದ್ದ ಗೋಣೆಪ್ಪ.

"ಇಲ್ಲಪ್ಪಾ. ಇದ ನಕ್ಷೆದ ಮೊದಲನೇ ಹಡಗು ಹ್ವಾದ ವರ್ಷನ ಕಡಲಿಗೆ ಇಳದೈತಿ. ಅದರಾಗ ಮಂದಿ ಅದಾರ."

ಅವಳು ಮತ್ತೆ ಅದೇ ನಂಬರು ಒತ್ತಿದಳು.