ಅಂಗಳದಲ್ಲಿ ಹೂಡಿದ ಎರಡನೇ ಒಲೆ

೧೯೬೪ರಲ್ಲಿ ನಾನು ಕುಮಟೆಯ ಮಾಮಲೇದಾರ ಕಚೇರಿಯಲ್ಲಿ ಸರ್ಕಲ್ ಇನ್ಸ್‌ಪೆಕ್ಟರ್ ಆಗಿದ್ದೆ. ಪೊಲೀಸ್ ಅಲ್ಲ, ಕಂದಾಯ ಇಲಾಖೆಯವನು. ರಾಜ್ಯ ಮೈಸೂರಾಗಿದ್ದರೂ ನಮ್ಮ ಬಾಯಲ್ಲಿ ಮುಂಬಯಿ ಕಾಲದ ಮಾತೇ ಉಳಿದಿತ್ತು. ತಹಸೀಲ್ದಾರರು ನಮಗೆ ಮಾಮಲೇದಾರರು, ಆದಾಯ ಪ್ರಮಾಣಪತ್ರವೆಂದರೆ ‘ಉತ್ಪನ್ನದ ದಾಖಲೆ’. ಜೂನ್ ಬಂತೆಂದರೆ ಆ ದಾಖಲೆಗೆ ಕಚೇರಿಯ ಮೆಟ್ಟಿಲ ತನಕ ಜನ. ಅದಿಲ್ಲದೆ ಕಾಲೇಜಿನಲ್ಲಿ ಫ್ರೀಶಿಪ್, ಅಂದರೆ ಫೀ ಮಾಫಿ, ಸಿಗುತ್ತಿರಲಿಲ್ಲ.

ಆ ವರ್ಷ ಬಂದವರಲ್ಲಿ ದೇವಿ ಎಂಬ ಹುಡುಗಿ ಇದ್ದಳು. ಕುಮಟೆಯ ಹತ್ತಿರದ ಕೇರಿಯೊಂದರಲ್ಲಿ ಈರುಳ್ಳಿ, ತರಕಾರಿ ಬೆಳೆಯುವ ಮನೆ. ಅವರ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಅಪ್ಪ ತಿಮ್ಮನಿಗೆ ಗೇಣಿ ಗದ್ದೆ ಬಿಟ್ಟರೆ ಬೇರೇನೂ ಇಲ್ಲ. ಆದರೂ ಅರ್ಜಿ ತಿರಸ್ಕೃತವಾಗಿತ್ತು. ಕಾರಣ, ‘ಪಾಲಕರು’ ಎಂಬಲ್ಲಿ ಅಪ್ಪನ ಬದಲು ದೊಡ್ಡಪ್ಪ ಬೀರಣ್ಣನ ಹೆಸರಿತ್ತು. ಬೀರಣ್ಣ ಪಿ.ಡಬ್ಲ್ಯು.ಡಿ. ರಸ್ತೆ ಗ್ಯಾಂಗಿನ ಮೇಸ್ತ್ರಿ, ಸರಕಾರಿ ಸಂಬಳದವನು. ಅವನ ಸಂಬಳ ಫೀ ಮಾಫಿಯ ಮಿತಿಗಿಂತ ತುಸು ಮೇಲಿತ್ತು.

“ಅಲ್ಲಯ್ಯಾ, ಅಪ್ಪ ಗಟ್ಟಿಮುಟ್ಟಾಗಿ ನಿಂತಿದ್ದಾನೆ, ದೊಡ್ಡಪ್ಪನ ಹೆಸರು ಎಂತಕ್ಕೆ ಬರೆದ್ರಿ?” ಎಂದು ರೇಗಿದೆ.

ತಿಮ್ಮ ನನ್ನ ಮುಖವನ್ನೇ ನೋಡಿದ. “ಯಜಮಾನ ಅಣ್ಣ ಅಲ್ದಾ ರಾಯರೇ? ಅಂವ ಇದ್ದಾಗ ನನ್ನ ಹೆಸ್ರು ಬರೆದ್ರೆ ಜನ ಎಂತ ಹೇಳೂಕಿಲ್ಲ?”

ಮಾಮಲೇದಾರರ ಬಳಿ ಹೋದೆ. ಅವರು ನಿಯಮ ಬಿಟ್ಟು ಒಂದು ಗೆರೆ ಆಚೆ ಹೋಗುವವರಲ್ಲ. “ಅಣ್ಣತಮ್ಮಂದಿರು ಬೇರೆಯಾಗಿದ್ದರೆ ಅಪ್ಪನ ಆದಾಯವಷ್ಟೇ ಸಾಕು. ಒಟ್ಟಿಗಿದ್ದರೆ ಇಡೀ ಮನೆಯದು. ಹೋಗಿ ಪಂಚನಾಮೆ ಮಾಡಿ ಬನ್ನಿ, ಒಲೆ ಎಷ್ಟಿದೆ ನೋಡಿ” ಎಂದರು. ಆ ಶನಿವಾರದೊಳಗೆ ದಾಖಲೆ ಕೊಡದಿದ್ದರೆ ದೇವಿಯ ಹೆಸರನ್ನು ಕಾಲೇಜಿನವರು ಹೊಡೆದುಹಾಕುತ್ತಿದ್ದರು.

ನಾನು ಬರುವ ಸುದ್ದಿ ನನಗಿಂತ ಮೊದಲೇ ಕೇರಿ ಮುಟ್ಟಿತ್ತು. ಹೋಗಿ ನೋಡಿದರೆ ಅಂಗಳದ ಮೂಲೆಯಲ್ಲಿ ಮೂರು ಚಿರೇಕಲ್ಲು ಇಟ್ಟು ಹೊಸ ಒಲೆ ಹೂಡಿದ್ದರು. ಅದರ ಮೇಲೆ ಅಕ್ಕಿ ಬೇಯುತ್ತಿತ್ತು. ದೇವಿಯ ತಾಯಿ ಹೊಗೆಗೋ ದುಃಖಕ್ಕೋ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೀರಣ್ಣ ಮುಂದೆ ಬಂದು ನಿಂತ.

“ಬೇರೆ ಆದ್ವು ರಾಯರೇ. ಬರ್ಕಣಿ. ಹುಡ್ಗಿ ಹೆಸ್ರು ಮಾತ್ರ ತೆಗೀಬೇಡಿ.”

ಯಜಮಾನಿಕೆಯನ್ನೇ ಪ್ರಾಣ ಎಂದುಕೊಂಡ ಮನುಷ್ಯ ತಮ್ಮನ ಮಗಳ ಓದಿಗಾಗಿ ಹಾಗೆ ಹೇಳಿದ. ಸುಳ್ಳು ಒಲೆ ಎಂದು ಕುರುಡನಿಗೂ ತಿಳಿಯುವಂತಿತ್ತು. ಕಲ್ಲಿಗೆ ಮಸಿ ಕೂಡ ಹಿಡಿದಿರಲಿಲ್ಲ.

ಅಷ್ಟರಲ್ಲಿ ಒಳಗಿಂದ ಅಣ್ಣತಮ್ಮಂದಿರ ತಾಯಿ, ಬಿಳಿ ಕೂದಲ ಮುದುಕಿ, ದಡದಡ ಬಂದಳು. ಬೇಯುತ್ತಿದ್ದ ಪಾತ್ರೆಯನ್ನು ಸೆರಗು ಸುತ್ತಿ ಎತ್ತಿದಳು. “ನಾ ಜೀವ ಇಪ್ಪಲ್ಲಿವರೆಗೆ ಈ ಮನೇಲಿ ಎರಡು ಒಲೆ ಉರಿಯೂದಿಲ್ಲ. ಒಡ್ಯಾ, ನೀವೂ ಒಳಗೇ ಬಂದು ಉಣ್ಣಿ” ಎಂದು ಪಾತ್ರೆ ಹಿಡಿದು ಒಳಗೆ ನಡೆದೇಬಿಟ್ಟಳು. ದೇವಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಕಾಲೇಜು ಮುಗಿಯಿತು ಎಂದೇ ಅವಳು ತಿಳಿದಿದ್ದಳು.

ನಾನು ಉಂಡೆ. ಊಟಕ್ಕೆ ಕೂತವರನ್ನು ಎಣಿಸಿದೆ: ಮೂವರು ಅಣ್ಣತಮ್ಮಂದಿರು, ಅವರ ಹೆಂಡಂದಿರು ಮಕ್ಕಳು, ಗಂಡನನ್ನು ಕಳೆದುಕೊಂಡ ತಂಗಿ, ಅವಳ ಮಕ್ಕಳು, ಮುದುಕಿ. ಒಟ್ಟು ಹದಿನೇಳು. ಪಂಚನಾಮೆಯಲ್ಲಿ ಇದ್ದದ್ದನ್ನೇ ಬರೆದೆ: ಒಲೆ ಒಂದು, ಸಂಬಳ ಒಂದು, ಉಣ್ಣುವವರು ಹದಿನೇಳು.

ಮಾಮಲೇದಾರರು ಹುಬ್ಬು ಗಂಟಿಕ್ಕಿದರು. “ಉಣ್ಣುವವರ ಲೆಕ್ಕಕ್ಕೆ ನಮೂನೆಯಲ್ಲಿ ಜಾಗ ಎಲ್ಲಿದೆ?”

“ಹಿಂಬದಿ ಪೂರ್ತಿ ಖಾಲಿ ಇದೆ, ಸಾಹೇಬರೇ.”

ಅವರು ಹಾಳೆ ತಿರುವಿ ನೋಡಿದರು. ಆಮೇಲೆ ಹಿಂಬದಿಯಲ್ಲಿ, ಒಂದೇ ಸಂಬಳದಲ್ಲಿ ಹದಿನೇಳು ಜನ ಉಣ್ಣುತ್ತಾರೆಂದು ತಾವೇ ಷರಾ ಬರೆದು ಸಹಿ ಹಾಕಿದರು. ಕಾಲೇಜಿನ ಕಮಿಟಿ ಅರ್ಧ ಫೀ ಮಾಫಿ ಮಾಡಿತು. ಉಳಿದರ್ಧಕ್ಕೆ ಬೀರಣ್ಣ ಅಟ್ಟದ ಮೇಲೆ ಬೀಜಕ್ಕೆಂದು ಕಟ್ಟಿಟ್ಟ ಈರುಳ್ಳಿ ಗೊಂಚಲನ್ನು ಇಳಿಸಿ ಮಾರಿದ.

ಐದು ವರ್ಷ ಕಳೆಯಿತು. ನಾನು ಭಟ್ಕಳಕ್ಕೆ ವರ್ಗವಾಗಿ ಹೋಗಿ ಮತ್ತೆ ಕುಮಟೆಗೇ ಬಂದಿದ್ದೆ. ಒಂದು ಜೂನ್ ಬೆಳಿಗ್ಗೆ ದೇವಿ ಬಂದಳು. ಹೊನ್ನಾವರದ ಕಡೆ ಶಾಲೆಯೊಂದರಲ್ಲಿ ಮಾಸ್ತರಿಣಿಯಾಗಿದ್ದಳು. ಜೊತೆಗೆ ಬೀರಣ್ಣ, ಅವನ ಕಿರಿಮಗಳು.

“ಉತ್ಪನ್ನದ ದಾಖಲೆಗೆ ಬಂದ್ಯಾ?” ಎಂದೆ.

“ದಾಖಲೆ ಬೇಡ ರಾಯರೇ, ತಂಗಿ ಫೀ ನಾನೇ ಕಟ್ತೆ. ಕಾಲೇಜಿನ ಅರ್ಜಿಲಿ ಪಾಲಕರು ಅಂತ ಉಂಟಲ್ಲ, ಅಲ್ಲಿ ನನ್ನ ಹೆಸ್ರು ಬರೆದ್ರೆ ಅಡ್ಡಿ ಉಂಟಾ? ದೊಡ್ಡಪ್ಪ ನಿಮ್ಮನ್ನೇ ಕೇಳ್ಬೇಕು ಅಂತ ಹಟ ಹಿಡಿದ್ರು.”

ನಾನು ಬೀರಣ್ಣನ ಕಡೆ ನೋಡಿದೆ. ಅವನು ನಗುತ್ತಿದ್ದ. “ಇನ್ನು ಇವ್ಳದ್ದೇ ಯಜಮಾನಿಕೆ. ನಂಗೆ ಸಾಕಾತು” ಎಂದ.

“ಒಲೆ?”

“ಒಂದೇ, ರಾಯರೇ.”

ಒಂದು ಮನೆಗೆ ಎಷ್ಟು ಬರುತ್ತದೆ ಎಂದು ಕೇಳುವುದನ್ನು ಸರಕಾರ ನನಗೆ ಕಲಿಸಿತ್ತು. ಅಲ್ಲಿ ಊಟಕ್ಕೆ ಎಷ್ಟು ಜನ ಕೂರುತ್ತಾರೆ ಎಂದು ಮೊದಲು ಕೇಳಬೇಕೆಂಬುದನ್ನು ಆ ಮುದುಕಿ ಕಲಿಸಿದಳು. ನಿವೃತ್ತಿಯಾಗುವ ತನಕ ನಾನು ಆ ಪ್ರಶ್ನೆ ಕೇಳದೆ ಯಾವ ಮನೆಯ ಅಂಗಳದಿಂದಲೂ ಹೊರಡಲಿಲ್ಲ.