ಮೂರೆಲೆ ಮೇಜಿನ ವರ್ನಾ ಮತ್ತು ಯಾರಿಗೂ ಬೇಡದ ಲೆಕ್ಕ

ಬೆಳಗಿನ ಐದೂ ಮುಕ್ಕಾಲು. ಲಾಸ್ ವೇಗಸ್‌ನ ಬೋಲ್ಡರ್ ಹೈವೇಯ ಆಚೆ, ಗುಡ್ಡಗಳ ಹಿಂದೆ ಆಕಾಶ ಕೆಂಪಾಗುತ್ತಿದೆ. ಕಿಟಕಿಯೇ ಇಲ್ಲದ ಈ ಕ್ಯಾಸಿನೊ ಹಾಲಿನೊಳಗೆ ಅದು ಯಾರಿಗೂ ತಿಳಿಯುವುದಿಲ್ಲ, ಯಾರಿಗೂ ಬೇಕಾಗಿಯೂ ಇಲ್ಲ. ಮೂರೆಲೆ ಪೋಕರ್ ಮೇಜಿನ ಹಿಂದೆ ನಿಂತ ವರ್ನಾ ಪಡೀಯಾ ಎದುರಿಗೆ ಕೂತವನ ಮುಂದೆ ಮೂರು ಎಲೆ ಜಾರಿಸಿ, ತಮ್ಮ ಮುಂದೆ ಮೂರನ್ನು ಕವುಚಿಟ್ಟು, ಕಾಯುತ್ತಿದ್ದಾರೆ. ಎದುರಿಗಿರುವವನು ಟಿಲಾಹುನ್. ರಾತ್ರಿಯಿಡೀ ಟ್ಯಾಕ್ಸಿ ಓಡಿಸಿ, ಮನೆಗೆ ಹೋಗುವ ಮುನ್ನ ಅರ್ಧ ಗಂಟೆ ಇಲ್ಲಿ ಕೂರುತ್ತಾನೆ. ಎಲೆಯ ಮೂಲೆ ಎತ್ತಿ ನೋಡುತ್ತಾನೆ. ಗುಲಾಮ, ಒಂಬತ್ತು, ನಾಲ್ಕು. ಸುಮ್ಮನೆ ಎಸೆದು ಎದ್ದರೆ ಆಗಲೇ ಕಟ್ಟಿದ ಐದು ಡಾಲರ್ ಹೋಗುತ್ತದೆ, ಅಷ್ಟೇ. ಅವನು ಇನ್ನೂ ಐದು ಇಡುತ್ತಾನೆ.

ವರ್ನಾ ಅವರ ಎಡಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರುತ್ತದೆ. ಅದಕ್ಕಿಂತ ಹೆಚ್ಚು ಏರುವಂತಿಲ್ಲ. ಮೇಲೆ ಛಾವಣಿಯಲ್ಲಿ ಕ್ಯಾಮೆರಾ ಇದೆ. ತಮ್ಮ ಎಲೆ ತಿರುಗಿಸುತ್ತಾರೆ. ಏಳರ ಜೋಡಿ. ಹತ್ತೂ ಡಾಲರ್ ಹೋಯಿತು.

"ಇವತ್ತು ಈ ಮೆಷಿನ್ ನನ್ ಮೇಲೆ ಮುನಿಸ್ಕೊಂಡಿದೆ ಅಕ್ಕಾ," ಎನ್ನುತ್ತಾನೆ ಟಿಲಾಹುನ್, ಎಲೆ ಕಲಸುವ ಯಂತ್ರದ ಕಡೆ ಕೈ ತೋರಿಸಿ.

"ಮೆಷಿನ್‌ಗೆ ನಿನ್ ಪರಿಚಯಾನೇ ಇಲ್ಲ ಚಿನ್ನ," ಎನ್ನುತ್ತಾರೆ ವರ್ನಾ, ಎಲೆ ಬಾಚಿಕೊಳ್ಳುತ್ತಾ.

ಇಪ್ಪತ್ತೇಳು ವರ್ಷದಿಂದ ವರ್ನಾ ಈ ಕೆಲಸ ಮಾಡುತ್ತಿದ್ದಾರೆ. ಈಗ ಅರವತ್ತೊಂದು. ಕಪ್ಪು ಷರಾಯಿ, ಬಿಳಿ ಅಂಗಿ, ಜೇಬೇ ಇಲ್ಲದ ಏಪ್ರನ್. ಬೆಳಗಿನ ನಾಲ್ಕಕ್ಕೆ ಬಂದರೆ ಮಧ್ಯಾಹ್ನ ಹನ್ನೆರಡಕ್ಕೆ ಬಿಡುಗಡೆ. ಗಂಟೆಗೆ ನಲವತ್ತೈದು ಸುತ್ತಿನ ಲೆಕ್ಕದಲ್ಲಿ ದಿನಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಸುತ್ತು ಎಲೆ ಹಂಚುತ್ತಾರೆ. ಒಂದು ಗಂಟೆ ನಿಂತರೆ ಇಪ್ಪತ್ತು ನಿಮಿಷ ಬಿಡುವು. ಬಿಡುವಿನಲ್ಲಿ ಮಾಡುವ ಮೊದಲ ಕೆಲಸ ಷೂ ಬಿಚ್ಚುವುದು, ಎರಡನೆಯದು ಬಲಗೈ ಮಣಿಕಟ್ಟನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯುವುದು.

"ಕೈ ನೋವು ದೊಡ್ಡದಲ್ಲ ಕಣ್ರೀ," ಎನ್ನುತ್ತಾರೆ ಅವರು. "ಈ ಜನ ನೋಡಿ, ಈ ಜನ! ದಿನಕ್ಕೆ ಇನ್ನೂರೈವತ್ತು ಸಲ ಕಣ್ಣೆದುರೇ ತಪ್ಪು ಮಾಡ್ತಾರೆ. ನಾನು ಬಾಯಿ ಮುಚ್ಕೊಂಡು ನಗ್ತಾ ನಿಂತಿರ್ಬೇಕು. ಬೇರೆ ಯಾವ ಕೆಲಸದಲ್ಲಿದೆ ಹೇಳಿ ಇಂಥ ಶಿಕ್ಷೆ?"

ಆ ತಪ್ಪೇನೆಂದು ಹೇಳದಿದ್ದರೆ ಅವರ ಸಿಟ್ಟು ಅರ್ಥವಾಗುವುದಿಲ್ಲ. ಈ ಆಟದಲ್ಲಿ ಆಡುವವನು ಮಾಡಬೇಕಾದ ತೀರ್ಮಾನ ಒಂದೇ. ಪಣ ಕಟ್ಟಿ ಮೂರು ಎಲೆ ನೋಡುತ್ತಾನೆ. ಒಂದೋ ಎಸೆದು ಪಣ ಬಿಟ್ಟುಕೊಡಬೇಕು, ಇಲ್ಲವೇ ಅಷ್ಟೇ ಹಣ ಮತ್ತೆ ಇಟ್ಟು ಹಂಚುವವರ ಮೂರೆಲೆಯ ಎದುರು ನಿಲ್ಲಬೇಕು. ಯಾವಾಗ ನಿಲ್ಲಬೇಕು ಎನ್ನುವುದಕ್ಕೆ ಲೆಕ್ಕವಿದೆ: ರಾಣಿ, ಆರು, ನಾಲ್ಕು. ಅಷ್ಟು ಅಥವಾ ಅದಕ್ಕಿಂತ ಮೇಲಿದ್ದರೆ ಆಡು, ಕೆಳಗಿದ್ದರೆ ಎಸೆ. ಕೆಳಗಿನ ಎಲೆ ಹಿಡಿದು ಆಡಿದರೆ, ಎಸೆದಾಗ ಹೋಗುವುದಕ್ಕಿಂತ ಸರಾಸರಿಯಲ್ಲಿ ಹೆಚ್ಚೇ ಹೋಗುತ್ತದೆ. ಮೂರು ಸಲಕ್ಕೆ ಸುಮಾರು ಒಂದು ಸಲ ಎಸೆಯಬೇಕಾಗುತ್ತದೆ. ಇಷ್ಟೇ. ಎರಡನೇ ತರಗತಿಯ ಮಗುವೂ ನೆನಪಿಟ್ಟುಕೊಳ್ಳಬಹುದು.

ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕೆಳಗಿನ ಅಂಗಡಿಯಲ್ಲಿ ಇದನ್ನೇ ಅಚ್ಚು ಹಾಕಿದ ಪುಟ್ಟ ಕಾರ್ಡು ಮೂರು ಡಾಲರಿಗೆ ಸಿಗುತ್ತದೆ. ಕೀಚೈನುಗಳ ಪಕ್ಕದಲ್ಲಿ ನೇತುಹಾಕಿದ್ದಾರೆ. ನಾನು ಮುಟ್ಟಿ ನೋಡಿದೆ, ಬೆರಳಿಗೆ ಧೂಳು ಅಂಟಿತು. ಅದೇ ಮಾತನ್ನು ವರ್ನಾ ಮೇಜಿನ ಹಿಂದಿನಿಂದ ಹೇಳುವಂತಿಲ್ಲ. ಗಿರಾಕಿಗೆ ಸಲಹೆ ಕೊಡಬಾರದು ಎನ್ನುವುದು ಈ ಕ್ಯಾಸಿನೊದ ನಿಯಮ.

ವರ್ನಾ ಹುಟ್ಟಿದ್ದು ಈಲಿ ಎಂಬ ತಾಮ್ರದ ಗಣಿಯ ಊರಿನಲ್ಲಿ. ಶಾಲೆಯಲ್ಲಿ ಬೀಜಗಣಿತ ಎರಡು ಸಲ ಡುಮ್ಕಿ. ಹತ್ತೊಂಬತ್ತಕ್ಕೆ ಲಾಸ್ ವೇಗಸ್‌ಗೆ ಬಂದು ಮೋಟೆಲ್ಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಹದಿನೈದು ವರ್ಷ ದುಡಿದರು. ಹಾಸಿಗೆಯ ಬಟ್ಟೆ ಮಡಚಿ ಮಡಚಿ ಬೆನ್ನು ಹೋದಾಗ, ಮೂವತ್ತನಾಲ್ಕನೇ ವಯಸ್ಸಿನಲ್ಲಿ ಎಲೆ ಹಂಚುವುದನ್ನು ಕಲಿತರು. ಲೆಕ್ಕ ಕಲಿತದ್ದು ಆಮೇಲೆ, ತಾವಾಗಿಯೇ. ಅದಕ್ಕೆ ಕಾರಣ ಕುತೂಹಲವಲ್ಲ, ಕೋಪ.

"ಒಬ್ಬ ಮುದುಕ ದಿನಾ ಬಯ್ಯೋನು, ನೀನು ಜೋಡೀನೇ ಕೊಡಲ್ಲ ಅಂತ. ಎಷ್ಟು ಸಲ ಬರ್ಬೇಕು ಅಂತ ನೋಡೇಬಿಡೋಣ ಅನ್ನಿಸ್ತು. ಹದಿಮೂರು ಬಗೆ ಎಲೆ. ಒಂದೊಂದರಲ್ಲೂ ಆರು ಥರ ಜೋಡಿ. ಜೊತೆಗೆ ಹೊಂದದ ಎಲೆ ನಲವತ್ತೆಂಟು. ಗುಣಿಸಿದ್ರೆ ಮೂರು ಸಾವಿರದ ಏಳ್ನೂರ ನಲವತ್ನಾಲ್ಕು. ಮೂರೆಲೆ ಬರೋ ದಾರಿ ಒಟ್ಟು ಇರೋದು ಇಪ್ಪತ್ತೆರಡು ಸಾವಿರದ ನೂರು. ಅಂದ್ರೆ ಆರು ಸಲಕ್ಕೆ ಒಂದು ಸಲ ಬಂದ್ರೆ ಪುಣ್ಯ. ಮಾರನೇ ದಿನ ಅವನಿಗೆ ತೋರಿಸೋಣ ಅಂತ ಚೀಟಿ ತಂದೆ. ಓದ್ಲೇ ಇಲ್ಲ, ಅದರ ಮೇಲೆ ಕಾಫಿ ಲೋಟ ಇಟ್ಟ!"

ಗಂಡ ರೇ, ಊರಿನ ಮನೆಗಳ ಛಾವಣಿ ಏರಿ ಕೂಲರ್ ರಿಪೇರಿ ಮಾಡುತ್ತಿದ್ದವರು. ಹೃದಯದ ತೊಂದರೆಯಿಂದ ಈಗ ಮನೆಯಲ್ಲೇ ಇದ್ದಾರೆ. "ಮದುವೆಯಾದಾಗ ಇಬ್ಬರೂ ರಮ್ಮಿ ಆಡ್ತಿದ್ವಿ," ಎನ್ನುತ್ತಾರೆ ಅವರು. "ಅವಳು ಲೆಕ್ಕ ಕಲಿತ್ಮೇಲೆ, ನಾನು ಎಲೆ ಎತ್ತೋಕೆ ಮುಂಚೆನೇ ನಿಟ್ಟುಸಿರು ಬಿಡೋಳು. ಈಗ ಟೀವಿ ನೋಡ್ತೀವಿ."

ಕಳೆದ ವಸಂತದಲ್ಲಿ ಒಂದು ಬೆಳಿಗ್ಗೆ ಮೇಜಿನ ಮೇಲಿನ, ಗೆದ್ದರೆ ಎಷ್ಟು ಹಣ ಎಂದು ಬರೆದ ಫಲಕ ಬದಲಾಗಿತ್ತು. ಈ ಆಟದಲ್ಲಿ ಪಕ್ಕದ ಪಣವೊಂದಿದೆ. ಅದಕ್ಕೆ ಹಂಚುವವರ ಎಲೆಯ ಹಂಗಿಲ್ಲ; ನಿಮ್ಮ ಮೂರರಲ್ಲಿ ಜೋಡಿ ಅಥವಾ ಅದಕ್ಕಿಂತ ದೊಡ್ಡದು ಬಂದರೆ ಹಣ. ಮೂರೂ ಒಂದೇ ಜಾತಿಯದಾದರೆ, ಅಂದರೆ ಫ್ಲಶ್ ಆದರೆ, ಒಂದಕ್ಕೆ ನಾಲ್ಕು ಕೊಡುತ್ತಿದ್ದರು. ಹೊಸ ಫಲಕದಲ್ಲಿ ಮೂರು ಎಂದಿತ್ತು. ಉಳಿದದ್ದೆಲ್ಲ ಹಾಗೇ. ಅಕ್ಷರದ ಬಣ್ಣವೂ ಅದೇ. ಎರಡು ವಾರ ಒಬ್ಬನೇ ಒಬ್ಬ ಗಿರಾಕಿ ಗಮನಿಸಲಿಲ್ಲ. ವರ್ನಾ ಹುಬ್ಬು ಏರಿಸಿಕೊಂಡೇ ಎಲೆ ಹಂಚಿದರು.

ಮೂರನೇ ವಾರ ಆರ್ಲೀ ಸ್ಟೌಟ್‌ಗೆ ಫ್ಲಶ್ ಬಂತು. ಆರ್ಲೀಗೆ ಎಪ್ಪತ್ತನಾಲ್ಕು. ಶಾಲಾ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಹನ್ನೊಂದು ವರ್ಷದಿಂದ ವಾರಕ್ಕೆ ನಾಲ್ಕು ದಿನ ವರ್ನಾ ಅವರ ಎಡಗಡೆಯ ಕುರ್ಚಿಯಲ್ಲೇ ಕೂರುತ್ತಾರೆ. ವರ್ನಾ ಹುಟ್ಟುಹಬ್ಬಕ್ಕೆ ಚಾಕೊಲೇಟ್ ತರುತ್ತಾರೆ. ಪಕ್ಕದ ಪಣಕ್ಕೆ ಹತ್ತು ಡಾಲರ್ ಇಟ್ಟಿದ್ದರು. ವರ್ನಾ ಮೂವತ್ತು ಎಣಿಸಿಕೊಟ್ಟರು.

"ನಲವತ್ತು," ಎಂದರು ಆರ್ಲೀ.

"ಮೂವತ್ತೇ ಚಿನ್ನ. ಬೋರ್ಡ್ ನೋಡಿ."

ಆರ್ಲೀ ಬೋರ್ಡ್ ನೋಡಲಿಲ್ಲ. ವರ್ನಾ ಅವರ ಕೈ ನೋಡಿದರು. "ಹನ್ನೊಂದು ವರ್ಷ ಈ ಕೈನ ನಂಬಿದ್ದೆ ಕಣಮ್ಮಾ," ಎಂದು ಎದ್ದು ನಿಂತರು. ಆಮೇಲೆ ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದರು: "ಕಳ್ಳಿ! ನನ್ ಹತ್ತು ಡಾಲರ್ ನುಂಗಿದಾಳೆ!"

ಮೇಲ್ವಿಚಾರಕ ಓಡಿ ಬಂದ. ಬೋರ್ಡ್ ತೋರಿಸಿದ. ಆರ್ಲೀ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದರು. ಕೆಂಪಾದರು. ಕ್ಷಮೆ ಕೇಳಲಿಲ್ಲ. ಕೂತು ಮತ್ತೆ ಹತ್ತು ಡಾಲರನ್ನು ಅದೇ ಪಕ್ಕದ ಪಣಕ್ಕೆ ಇಟ್ಟರು.

"ಕಳ್ಳಿ ಅಂದಿದ್ದನ್ನ ಸಹಿಸ್ಕೊಂಡೆ," ಎನ್ನುತ್ತಾರೆ ವರ್ನಾ. "ಮತ್ತೆ ಅಲ್ಲೇ ಇಟ್ರಲ್ಲ, ಅದನ್ನ ಸಹಿಸೋಕಾಗ್ಲಿಲ್ಲ."

ಇಪ್ಪತ್ತೇಳು ವರ್ಷದಲ್ಲಿ ಮೊದಲ ಬಾರಿ ಅವರು ಬಾಯಿಬಿಟ್ಟರು. ಮೇಜಿನ ಸುತ್ತ ಐದು ಜನ, ಹಿಂದೆ ಮೇಲ್ವಿಚಾರಕ. "ಎಲ್ಲರೂ ಕೇಳಿಸ್ಕೊಳ್ಳಿ. ನೂರು ಸಲ ಆಡಿದ್ರೆ ಐದು ಸಲ ಫ್ಲಶ್ ಬರುತ್ತೆ. ಆ ಐದೂ ಸಲ ಒಂದೊಂದು ಕಡಿಮೆ ಮಾಡಿದಾರೆ. ಮೊದಲು ಇಲ್ಲಿ ನೂರು ಡಾಲರ್ ಇಟ್ರೆ ಎರಡು ಚಿಲ್ಲರೆ ಹೋಗ್ತಿತ್ತು. ಈಗ ಏಳು ಚಿಲ್ಲರೆ ಹೋಗುತ್ತೆ. ಮೂರು ಪಟ್ಟು! ಇಡ್ಲೇಬೇಕಾ? ಇಡಿ. ಗೊತ್ತಿದ್ದು ಇಡಿ."

ಕೊನೆಯ ಕುರ್ಚಿಯ ಹೆಂಗಸು ಕೇಳಿದಳು, "ಸರಿ, ಎಲೆ ಹಂಚ್ತೀರಾ?"

ವರ್ನಾ ಹಂಚಲಿಲ್ಲ. ಮೇಲ್ವಿಚಾರಕ ಭುಜ ಮುಟ್ಟಿದ. ನಿಯಮದಂತೆ ಅಂಗೈಗಳನ್ನು ಒಮ್ಮೆ ತಟ್ಟಿ, ಮೇಲೆ ಕೆಳಗೆ ತಿರುಗಿಸಿ, ಏನೂ ಇಲ್ಲವೆಂದು ಕ್ಯಾಮೆರಾಕ್ಕೆ ತೋರಿಸಿ ಹೊರಟರು.

ಮೂರು ದಿನ ಸಂಬಳವಿಲ್ಲದೆ ಮನೆಯಲ್ಲಿರಿ ಎಂದರು. ನಾಲ್ಕನೇ ದಿನ ಪಾಳಿಯ ಮ್ಯಾನೇಜರ್ ಗ್ಲೆನ್ ಹುಸ್ಬಿಯ ಕೋಣೆಗೆ ಕರೆದು ಎಚ್ಚರಿಕೆಯ ಪತ್ರ ಮುಂದಿಟ್ಟರು. ಸಹಿ ಹಾಕಿದರೆ ಮತ್ತೆ ಕೆಲಸ. ಪತ್ರದಲ್ಲಿ ಹೀಗಿತ್ತು: ಗಿರಾಕಿಗಳಿಗೆ ನಿರುತ್ಸಾಹ ಹುಟ್ಟಿಸುವ, ಸುಳ್ಳು ಮಾಹಿತಿ ನೀಡಿದ್ದಾರೆ.

"ನಿರುತ್ಸಾಹ ಅನ್ನೋದಕ್ಕೆ ಸಹಿ ಹಾಕ್ತೀನಿ," ಎಂದರು ವರ್ನಾ. "ಸುಳ್ಳು ಅನ್ನೋದನ್ನ ಹೊಡೆದು ಹಾಕಿ."

"ಅದೊಂದು ಪದ ಬಿಡಿ ವರ್ನಾ. ಎಲ್ಲರಿಗೂ ಇದೇ ಪತ್ರ ಕೊಡೋದು," ಎಂದ ಹುಸ್ಬಿ.

"ಎಲ್ಲರೂ ಸುಳ್ಳು ಹೇಳಿರ್ಬಹುದು. ನಾನು ಲೆಕ್ಕ ಹೇಳಿದೀನಿ."

ಸಹಿ ಹಾಕದೆ ಮನೆಗೆ ಬಂದರು. ಅರವತ್ತೊಂದರ, ಮಣಿಕಟ್ಟು ಸವೆದ ಹೆಂಗಸನ್ನು ಈ ಊರಿನಲ್ಲಿ ಬೇರೆ ಯಾವ ಮೇಜಿಗೂ ಕರೆಯುವುದಿಲ್ಲ. ರೇ ಅವರ ಹೃದಯದ ಔಷಧಿಯ ವಿಮೆ ಈ ಕೆಲಸಕ್ಕೇ ಅಂಟಿಕೊಂಡಿದೆ. "ಸಹಿ ಹಾಕು ಅಂತ ಹೇಳೋಣ ಅನ್ಕೊಂಡೆ," ಎನ್ನುತ್ತಾರೆ ರೇ. "ಅಡುಗೆಮನೇಲಿ ಕೂತು ಅದೇ ಲೆಕ್ಕಾನ ಹದಿನಾಲ್ಕು ಸಲ ಮಾಡ್ತಿದ್ಳು, ಎಲ್ಲಾದ್ರೂ ತಪ್ಪಿದೀನಾ ಅಂತ. ಹೇಳೋಕೆ ಬಾಯಿ ಬರ್ಲಿಲ್ಲ."

ಒಂಬತ್ತನೇ ದಿನ ಮತ್ತೆ ಕರೆ ಬಂತು. ಈ ಸಲ ಹುಸ್ಬಿಗೂ ರೇಗಿತ್ತು. ಇದನ್ನು ಮುಗಿಸಿಯೇ ಬಿಡೋಣ ಎಂದು, ಕಂಪನಿಗಾಗಿ ಆಟಗಳ ಲೆಕ್ಕ ಹಾಕುವ ಮನುಷ್ಯನಿಗೆ ಅವರೆದುರೇ ಫೋನ್ ಮಾಡಿ, ಸ್ಪೀಕರ್ ಒತ್ತಿದ. "ನಮ್ಮ ಹಂಚೋರೊಬ್ರು, ಫಲಕ ಬದಲಾದ್ಮೇಲೆ ಗಿರಾಕಿ ನಷ್ಟ ಮೂರು ಪಟ್ಟು ಆಗಿದೆ ಅಂತಿದಾರೆ. ಅದು ತಪ್ಪು ತಾನೇ?"

ಆ ಕಡೆ ಕೀಲಿಮಣೆಯ ಸದ್ದು. "ಹೌದು, ತಪ್ಪು," ಎಂದಿತು ದನಿ.

ಹುಸ್ಬಿ ಪೆನ್ನು ವರ್ನಾ ಕಡೆ ತಳ್ಳಿದ.

"ನೂರಕ್ಕೆ ಎರಡು ಪಾಯಿಂಟ್ ಮೂರು ಎರಡು ಇತ್ತು. ಈಗ ಏಳು ಪಾಯಿಂಟ್ ಎರಡು ಎಂಟು," ದನಿ ಮುಂದುವರಿಯಿತು. "ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತೀನೇ ಆಗುತ್ತೆ. ಅವರು ಕಡಿಮೆ ಹೇಳಿದಾರೆ."

ಹುಸ್ಬಿ ಫೋನ್ ಇಟ್ಟ. ಅದೇ ಪೆನ್ನನ್ನು ವಾಪಸ್ಸು ಎಳೆದುಕೊಂಡು 'ಸುಳ್ಳು' ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕಿದ. ವರ್ನಾ ಸಹಿ ಮಾಡಿದರು. ಒಂಬತ್ತು ದಿನದ ಸಂಬಳ ಬರಲಿಲ್ಲ. ಫಲಕವೂ ಬದಲಾಗಲಿಲ್ಲ.

ನನಗೆ ಇಲ್ಲಿ ಸಿಟ್ಟು ಬರುತ್ತದೆ. ಒಂದು ಲೆಕ್ಕ ಸರಿ ಎಂದು ಒಪ್ಪಿಸಲು ಒಬ್ಬ ಹೆಂಗಸು ಇಷ್ಟು ಕಷ್ಟಪಟ್ಟ ಮೇಲೆ, ಯಾರಿಗಾಗಿ ಹೇಳಿದರೋ ಆ ಐವರಲ್ಲಿ ನಾಲ್ವರು ಇಂದಿಗೂ ಅದೇ ಪಣಕ್ಕೆ ಹಣ ಇಡುತ್ತಿದ್ದಾರೆ. ನಾನೇ ನಿಂತು ನೋಡಿದ್ದೇನೆ. ಕೊನೆಯ ಕುರ್ಚಿಯ ಹೆಂಗಸು ಈಗ ಹತ್ತರ ಬದಲು ಹದಿನೈದು ಇಡುತ್ತಾಳೆ.

ಐದನೆಯವರು ಆರ್ಲೀ. ಎರಡು ವಾರ ಬೇರೆ ಮೇಜಿನಲ್ಲಿ, ವರ್ನಾಗೆ ಬೆನ್ನು ಹಾಕಿ ಕೂತಿದ್ದರು. ಮೂರನೇ ವಾರ ಒಂದು ಬೆಳಿಗ್ಗೆ ಹಳೇ ಕುರ್ಚಿಗೆ ಬಂದು, ಪಣ ಕಟ್ಟದೆ ಕೇಳಿದರು: "ಅವತ್ತು ನೂರಕ್ಕೆ ಐದು ಅಂದ್ರಲ್ಲ. ಅದು ಎಲ್ಲಿಂದ ಬಂತು?"

ಮೇಜಿನ ಹಿಂದಿನಿಂದ ಉತ್ತರಿಸಿದರೆ ಕೆಲಸ ಹೋಗುತ್ತದೆ. "ಹನ್ನೆರಡಕ್ಕೆ. ಎದುರು ರಸ್ತೆ ಕಾಫಿ ಅಂಗಡಿ," ಎಂದರು ವರ್ನಾ, ತುಟಿ ಅಲುಗಿಸದೆ.

ಕಾಗದದ ಕರವಸ್ತ್ರದ ಮೇಲೆ ಬರೆದು ತೋರಿಸಿದರು. ಒಂದು ಜಾತಿಯ ಹದಿಮೂರು ಎಲೆಯಲ್ಲಿ ಮೂರು ಆರಿಸಲು ಇನ್ನೂರ ಎಂಬತ್ತಾರು ದಾರಿ. ಜಾತಿ ನಾಲ್ಕು, ಆದ್ದರಿಂದ ಸಾವಿರದ ನೂರ ನಲವತ್ನಾಲ್ಕು. ಅದರಲ್ಲಿ ಸಾಲಾಗಿ ಬರುವ ನಲವತ್ತೆಂಟಕ್ಕೆ ಬೇರೆ ಬಹುಮಾನ, ಅದನ್ನು ಕಳೆದರೆ ಸಾವಿರದ ತೊಂಬತ್ತಾರು. ಇದನ್ನು ಇಪ್ಪತ್ತೆರಡು ಸಾವಿರದ ನೂರರಿಂದ ಭಾಗಿಸಬೇಕು. ಅಲ್ಲಿಗೆ ವರ್ನಾ ಪೆನ್ಸಿಲನ್ನು ಆರ್ಲೀ ಕೈಗೆ ಕೊಟ್ಟರು. ಆರ್ಲೀ ಭಾಗಾಕಾರ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕು ಕರವಸ್ತ್ರ ಹಾಳಾದವು.

"ಮೂವತ್ತು ವರ್ಷ ಮಕ್ಕಳನ್ನ ಸ್ಕೂಲ್ ಗೇಟಿನವರೆಗೂ ಬಿಟ್ಟೆ," ಎಂದರಂತೆ ಆರ್ಲೀ, ಬೆವರು ಒರೆಸಿಕೊಳ್ಳುತ್ತಾ. "ಒಂದಿನಾನಾದ್ರೂ ಒಳಗೆ ಹೋಗ್ಬೇಕಿತ್ತು." ಆಮೇಲೆ ಉತ್ತರ ನೋಡಿದರು. ನೂರಕ್ಕೆ ಐದು, ಒಂದು ಕೂದಲು ಕಡಿಮೆ. ತಲೆ ಎತ್ತದೆ ಹೇಳಿದರು: "ಅವತ್ತು ಕೂಗಿದ್ದು ತಪ್ಪಾಯ್ತು ವರ್ನಾ."

ಆರ್ಲೀ ಆಟ ಬಿಟ್ಟಿಲ್ಲ. ಪಕ್ಕದ ಪಣ ಮಾತ್ರ ಬಿಟ್ಟಿದ್ದಾರೆ. ಗುಲಾಮನೇ ದೊಡ್ಡ ಎಲೆಯಾದರೂ ಒಮ್ಮೊಮ್ಮೆ ಆಡಲು ಹೋಗುತ್ತಾರೆ. ವರ್ನಾ ಹುಬ್ಬು ಏರಿದ್ದು ಕಂಡರೆ ಗೊಣಗುತ್ತಾ ಎಸೆಯುತ್ತಾರೆ. ಇನ್ನು ನಾಲ್ಕು ವರ್ಷಕ್ಕೆ ವರ್ನಾ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಏನಾಗಬೇಕು ಎಂದು ಕೇಳಿದೆ. ಫಲಕ ಮೊದಲಿನಂತಾಗಬೇಕು ಎನ್ನಬಹುದು, ಆ ಒಂಬತ್ತು ದಿನದ ಸಂಬಳ ಬರಬೇಕು ಎನ್ನಬಹುದು ಎಂದುಕೊಂಡಿದ್ದೆ. ಬಿಡುವು ಮುಗಿದು ವರ್ನಾ ಷೂ ಹಾಕಿಕೊಳ್ಳುತ್ತಾರೆ.

"ಇಪ್ಪತ್ತೇಳು ವರ್ಷಕ್ಕೆ ಒಬ್ರು ಕೇಳಿದ್ರು, ಅದು ಎಲ್ಲಿಂದ ಬಂತು ಅಂತ," ಎನ್ನುತ್ತಾರೆ. "ನಾನು ಹೋಗೋದ್ರೊಳಗೆ ಇನ್ನೊಬ್ರು ಕೇಳ್ಬೇಕು. ಒಬ್ರು ಸಾಕು."